ಮಂಗಳೂರಿನ ಬಾವಿ ನೀರು ಮತ್ತು ನಿಮ್ಮ ಆರೋಗ್ಯ

(ಒಳರೋಗಿಗಳು ಹಾಗೂ ಅವರ ಜೊತೆಗಾರರಿಗಾಗಿ ನಡೆಯುವ ಆರೋಗ್ಯ ಶಿಕ್ಷಣ ತರಗತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾವಿರುವುದು ಬಯಲುಸೀಮೆಯಲ್ಲಿ, ಮಂಗಳೂರಿನ ಬಾವಿಯ ಮಾತು ಇಲ್ಲೇಕೆ ಎನ್ನಬಹುದು. ಕಾರಣ ನಿಮ್ಮ ಮನೆಯಲ್ಲೇ ಇದೆ. ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಘಟ್ಟದ ಕೆಳಗೆ ದುಡಿಯಲು ಹೋಗಿದ್ದಾರೆ. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ, ರಸ್ತೆ ಕೆಲಸಕ್ಕೆ ಹೋದವರಿದ್ದಾರೆ. ನರ್ಸಿಂಗ್, ಇಂಜಿನಿಯರಿಂಗ್ ಓದಲು ಹೋದ ಮಕ್ಕಳಿದ್ದಾರೆ. ಇವರು ಪಂಚಮಿಗೋ ಗಣೇಶನ ಹಬ್ಬಕ್ಕೋ ಊರಿಗೆ ಬರುತ್ತಾರೆ. ಬಂದ ನಾಲ್ಕು ದಿನಕ್ಕೆ ಜ್ವರ, ವಾಂತಿ, ಊಟ ಸೇರುವುದಿಲ್ಲ, ಕಣ್ಣು ಹಳದಿ. ಆಗ ಮನೆಯವರು ಹಬ್ಬದ ಉಂಡಿಯನ್ನೋ ಬಸ್ ಸ್ಟ್ಯಾಂಡಿನ ಮಿರ್ಚಿಯನ್ನೋ ದೂರುತ್ತಾರೆ. ಆದರೆ ಆ ಕಾಯಿಲೆ ಒಳಗೆ ಸೇರಿದ್ದು ತಿಂಗಳ ಹಿಂದೆ, ಅಲ್ಲಿನ ಒಂದು ಲೋಟ ನೀರಿನಲ್ಲಿ ಇರಬಹುದು.

ಸಿಹಿ ನೀರು ಎಂಬ ನಂಬಿಕೆ

ಕಾಮಾಲೆಯಾಗಿ ಬಂದ ಒಬ್ಬ ಹುಡುಗನ ತಾಯಿಗೆ, ಮಗ ಅಲ್ಲಿ ಯಾವ ನೀರು ಕುಡಿಯುತ್ತಿದ್ದ ಎಂದು ವಾರ್ಡಿನಲ್ಲಿ ಕೇಳಿದೆವು. "ನೀರಿಂದೇನ್ ತಕರಾರಿಲ್ರಿ ಸಿಸ್ಟರ್, ಬಾವಿ ನೀರು ಸಕ್ರಿ ಇದ್ದಂಗ ಐತಂತ್ರಿ" ಎಂದರು. ಆ ತಾಯಿ ಹೇಳಿದ್ದು ನಿಜ. ಕರಾವಳಿಯ ಬಾವಿ ನೀರು ನಿಜವಾಗಿಯೂ ರುಚಿ. ನಮ್ಮ ಕಡೆಯ ಬೋರ್‌ವೆಲ್ ನೀರು ಸವುಳು, ಗಡಸು. ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ, ಸಾಬೂನು ನೊರೆ ಬರುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ. ಕೆಲವು ಊರುಗಳಲ್ಲಿ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನೂ ನೀವು ನೋಡಿದ್ದೀರಿ. ಹೀಗಾಗಿ ನೀರು ಕೆಟ್ಟದ್ದು ಎಂದರೆ ಉಪ್ಪಾದದ್ದು, ಒಳ್ಳೆಯದು ಎಂದರೆ ಸಿಹಿಯಾದದ್ದು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಈ ಲೆಕ್ಕ ಬಯಲುಸೀಮೆಯ ಬೋರ್‌ವೆಲ್ಲಿಗೆ ತಕ್ಕಮಟ್ಟಿಗೆ ಸರಿ. ಮಂಗಳೂರಿನ ತೆರೆದ ಬಾವಿಗೆ ಸ್ವಲ್ಪವೂ ಹೊಂದುವುದಿಲ್ಲ.

ನೀರಿನ ರುಚಿ ಗೊತ್ತಾಗುವುದು ಅದರಲ್ಲಿ ಕರಗಿದ ಲವಣಗಳಿಂದ. ಕಾಯಿಲೆ ಬರುವುದು ಅದರಲ್ಲಿರುವ ರೋಗಾಣುಗಳಿಂದ. ಇವೆರಡಕ್ಕೂ ಸಂಬಂಧವಿಲ್ಲ. ಒಂದು ಲೋಟ ಸಿಹಿನೀರಿನಲ್ಲಿ ಕಾಮಾಲೆಯ ವೈರಾಣುಗಳು ಇದ್ದರೂ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ.

ಫಿಲ್ಟರ್ ಮಾರಲು ಬರುವವರು ಪೆನ್ನಿನಂಥ ಒಂದು ಮೀಟರನ್ನು ನೀರಿನಲ್ಲಿ ಅದ್ದಿ ಅಂಕಿ ತೋರಿಸುವುದನ್ನು ನೀವು ನೋಡಿರಬಹುದು. ಅದು ಟಿ.ಡಿ.ಎಸ್. ಮೀಟರ್. ಕರಗಿದ ಲವಣ ಎಷ್ಟಿದೆ ಎಂದು ಮಾತ್ರ ಅದು ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಮಂಗಳೂರಿನ ದಿಣ್ಣೆಯ ಮೇಲಿನ ಬಾವಿಯ ನೀರಿಗೆ ಈ ಮೀಟರ್ ಅದ್ದಿದರೆ ತೀರ ಸಣ್ಣ ಅಂಕಿ ಬರುತ್ತದೆ. ನೋಡಿದವರು ಶುದ್ಧ ನೀರು ಎಂದು ಸಮಾಧಾನಪಡುತ್ತಾರೆ. ಅದೇ ಮಾನಕದಲ್ಲಿ ಇನ್ನೊಂದು ನಿಯಮವಿದೆ: 100 ಮಿಲಿ ಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಒಂದೂ ಕಾಣಿಸಬಾರದು. ಆ ಪರೀಕ್ಷೆ ಮಾಡಲು ಪ್ರಯೋಗಾಲಯ ಬೇಕು, ಒಂದು ದಿನ ಕಾಯಬೇಕು. ಪೆನ್ನಿನ ಮೀಟರಿಗೆ ಅದು ಸಾಧ್ಯವಿಲ್ಲ.

ನೆಲದ ಕೆಳಗೆ ಏನಾಗುತ್ತದೆ

ನಮ್ಮ ಎರೆಮಣ್ಣಿನ ಭೂಮಿಗೂ ಮಂಗಳೂರಿನ ಭೂಮಿಗೂ ಬಹಳ ವ್ಯತ್ಯಾಸವಿದೆ. ಅಲ್ಲಿ ಮೇಲಿರುವುದು ಮುರಕಲ್ಲು. ಮನೆ ಕಟ್ಟುವ ಕೆಂಪುಕಲ್ಲು ಎಂದರೆ ಇದೇ. ಅಲ್ಲಿ ಗೋಡೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತು, ಕಲ್ಲಿನ ತುಂಬ ತೂತುಗಳು. ನೆಲದೊಳಗೂ ಹಾಗೆಯೇ, ತೂತುಗಳು ಒಂದಕ್ಕೊಂದು ಸೇರಿ ಸಣ್ಣ ಕೊಳವೆಗಳಂತೆ ಹರಿದಿರುತ್ತವೆ. ಅದರ ಕೆಳಗೆ ಶೇಡಿ ಮಣ್ಣು ಎಂಬ ಜೇಡಿಯಂಥ ಮಣ್ಣಿನ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಮಳೆನೀರು ಮುರಕಲ್ಲಿನಲ್ಲಿ ಸರಸರನೆ ಇಳಿಯುತ್ತದೆ, ಶೇಡಿ ಮಣ್ಣಿಗೆ ಬಂದು ತಡೆಯುತ್ತದೆ, ಅಲ್ಲಿಂದ ಇಳಿಜಾರು ಹಿಡಿದು ಅಡ್ಡಕ್ಕೆ ಹರಿಯುತ್ತದೆ. ಬಾವಿಗೆ ಬರುವುದು ಈ ನೀರು.

ಮಣ್ಣು ನೀರನ್ನು ಸೋಸುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಣ್ಣ ಮರಳು, ನಯವಾದ ಮಣ್ಣು ಇದ್ದಲ್ಲಿ, ನೀರು ನಿಧಾನವಾಗಿ ಇಳಿಯುವಲ್ಲಿ ಅದು ನಿಜ. ತೂತುಗಳಿರುವ ಕಲ್ಲಿನಲ್ಲಿ ನೀರು ಓಡುತ್ತದೆ. ಸೋಸಲು ಬೇಕಾದ ಸಮಯವೂ ಇಲ್ಲ, ಅಷ್ಟು ಸಣ್ಣ ಸಂದುಗಳೂ ಇಲ್ಲ. ಬ್ಯಾಕ್ಟೀರಿಯಾಕ್ಕಿಂತ ವೈರಾಣು ಎಷ್ಟೋ ಪಟ್ಟು ಚಿಕ್ಕದು, ಅದು ಇನ್ನೂ ದೂರ ಸಾಗಬಲ್ಲದು.

ಇದೇ ನೆಲದಲ್ಲಿ ಶೌಚಾಲಯದ ಗುಂಡಿಯೂ ಇದೆ. ಒಳಚರಂಡಿ ನಗರದ ಎಲ್ಲ ಭಾಗಕ್ಕೂ ತಲುಪಿಲ್ಲ. ಅದು ಇಲ್ಲದ ಕಡೆ ಪ್ರತಿ ಮನೆಗೂ ಒಂದು ಪಿಟ್. ಮಾತಿನಲ್ಲಿ ಎಲ್ಲವನ್ನೂ ಸೆಪ್ಟಿಕ್ ಟ್ಯಾಂಕ್ ಎನ್ನುತ್ತಾರೆ, ಆದರೆ ಅನೇಕ ಕಡೆ ಅದು ತಳಕ್ಕೆ ಕಾಂಕ್ರೀಟ್ ಇಲ್ಲದ ಇಂಗುಗುಂಡಿ. ಮನೆಯ ಯಜಮಾನರು ಹೆಮ್ಮೆಯಿಂದ ಹೇಳುವುದುಂಟು: "ನಮ್ಮ ಪಿಟ್ ಇಪ್ಪತ್ತು ವರ್ಷವಾದರೂ ತುಂಬಿಲ್ಲ ಮಾರಾಯ್ರೆ." ತುಂಬದೆ ಅದು ಹೋದದ್ದು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಮುರಕಲ್ಲು ಅದನ್ನೂ ಮಳೆನೀರಿನಂತೆಯೇ ಕೆಳಗಿಳಿಸಿ ಇಳಿಜಾರಿನ ಕಡೆಗೆ ಕಳಿಸಿದೆ.

ನರ್ಸಿಂಗ್ ತರಗತಿಯಲ್ಲಿ ನಮಗೆ ಕಲಿಸುವ ನಿಯಮ ಹೀಗಿದೆ: ಬಾವಿಗೂ ಶೌಚಾಲಯದ ಗುಂಡಿಗೂ ಕನಿಷ್ಠ 50 ಅಡಿ, ಅಂದರೆ 15 ಮೀಟರ್ ಅಂತರವಿರಬೇಕು. ಈಗ ಲೆಕ್ಕ ಹಾಕಿ. ಮಂಗಳೂರಿನಲ್ಲಿ ಜಾಗವನ್ನು ಸೆಂಟ್ಸ್‌ನಲ್ಲಿ ಅಳೆಯುತ್ತಾರೆ. 5 ಸೆಂಟ್ಸ್ ಎಂದರೆ ನಮ್ಮ 2 ಗುಂಟೆ, 2,178 ಚದರ ಅಡಿ. ಅದು ಚೌಕವಾಗಿದ್ದರೆ ಒಂದು ಬದಿ 47 ಅಡಿ ಕೂಡ ಬರುವುದಿಲ್ಲ. ಅದರಲ್ಲೇ ಮನೆ, ಬಾವಿ, ಗುಂಡಿ ಎಲ್ಲವೂ ಆಗಬೇಕು. ಬಾವಿಯನ್ನು ಒಂದು ಮೂಲೆಗೆ, ಗುಂಡಿಯನ್ನು ಎದುರು ಮೂಲೆಗೆ ಹಾಕಿದರೆ ಹೇಗೋ ಅಂತರ ಸಿಗುತ್ತದೆ. ಆದರೆ ಪಕ್ಕದ ಮನೆಯವರ ಗುಂಡಿ ನಿಮ್ಮ ಬಾವಿಯ ಮೂಲೆಗೇ ಬಂದಿರುತ್ತದೆ. ಅವರದ್ದೂ ತಪ್ಪಲ್ಲ, ಅವರ ಬಾವಿ ಆಚೆ ಮೂಲೆಯಲ್ಲಿದೆ. ತೋಟದ ನಡುವೆ ಮನೆಗಳು ದೂರ ದೂರ ಇದ್ದ ಕಾಲದಲ್ಲಿ ಬಾವಿ ನಂಬಿಕೆಗೆ ಯೋಗ್ಯವಾಗಿತ್ತು. ಬಾವಿ ಈಗಲೂ ಅದೇ, ಅದರ ಸುತ್ತ ಮನೆಗಳು ಒತ್ತೊತ್ತಾಗಿ ಬಂದಿವೆ. ಹಿರಿಯರು ಕುಡಿದು ನೂರು ವರ್ಷ ಬದುಕಿದರು ಎಂದು ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಒಳಚರಂಡಿ ಇರುವ ಕಡೆಯೂ ಪೂರ್ತಿ ನಿಶ್ಚಿಂತೆ ಇಲ್ಲ. ಮಂಗಳೂರು ಗುಡ್ಡ ಕಣಿವೆಗಳ ಊರು. ಚರಂಡಿಯ ಪೈಪು ತಗ್ಗಿನಲ್ಲಿ, ತೋಡಿನ ಪಕ್ಕದಲ್ಲೇ ಹೋಗಬೇಕು. ಜೋರು ಮಳೆಗೆ ಮಳೆನೀರು ಪೈಪಿಗೆ ನುಗ್ಗಿ ಮ್ಯಾನ್‌ಹೋಲ್ ಉಕ್ಕುತ್ತದೆ. ಎಲ್ಲೋ ಒಂದು ಕಡೆ ಪೈಪು ಬಿರುಕು ಬಿಟ್ಟರೆ ತಗ್ಗಿನಲ್ಲಿರುವ ಬಾವಿಗಳಿಗೆ ಅದರ ನೀರು ಸೇರುತ್ತದೆ. ಆದ್ದರಿಂದ ಬಾಡಿಗೆ ಮನೆ ನೋಡುವಾಗ ಬಾವಿ ದಿಣ್ಣೆಯ ಮೇಲಿದೆಯೋ ತಗ್ಗಿನಲ್ಲಿದೆಯೋ, ಅದರ ಮೇಲ್ಭಾಗದಲ್ಲಿ ಯಾರ ಗುಂಡಿ ಇದೆ ಎಂದು ಒಮ್ಮೆ ಕಣ್ಣು ಹಾಯಿಸಿ.

ಗುಂಡಿಯ ಮಾತಷ್ಟೇ ಅಲ್ಲ, ಕಸದ ಮಾತೂ ಇದೆ. 2019ರ ಆಗಸ್ಟ್ ತಿಂಗಳ ಭಾರಿ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರ ಎಂಬ ಪ್ರದೇಶಕ್ಕೆ ಹರಿಯಿತು. ಅಡಿಕೆ ತೆಂಗಿನ ತೋಟಗಳು ಕಸದಡಿ ಹೂತುಹೋದವು, ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಇಂಥ ಕೊಳೆತ ಕಸದಿಂದ ಇಳಿಯುವ ಕಪ್ಪು ನೀರಿಗೂ ನೆಲದೊಳಗೆ ಅದೇ ದಾರಿ.

ಮಳೆಗಾಲ ಮತ್ತು ಬೇಸಿಗೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಾಗಲಕೋಟೆ ಕಡೆ ಇಡೀ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅಲ್ಲಿ ಜುಲೈನಲ್ಲಿ ಬಾವಿ ನೋಡಿದರೆ ನಮ್ಮವರಿಗೆ ಸಂತೋಷವಾಗುವುದು ಸಹಜ. ಮೇ ತಿಂಗಳಲ್ಲಿ ತಳ ಕಾಣುತ್ತಿದ್ದ ಬಾವಿ ಕಟ್ಟೆಯವರೆಗೆ ತುಂಬಿರುತ್ತದೆ, ಬಗ್ಗಿ ತಂಬಿಗೆಯಲ್ಲಿ ಮೊಗೆಯಬಹುದು.

ಆದರೆ ಅಪಾಯ ಹೆಚ್ಚುವುದೂ ಆಗಲೇ. ನೀರಿನ ಮಟ್ಟ ಮೇಲೆ ಬಂದಾಗ ಅದು ಇಂಗುಗುಂಡಿಯ ತಳವನ್ನು ಮುಟ್ಟುತ್ತದೆ. ಬೇಸಿಗೆಯಲ್ಲಿ ಗುಂಡಿಗೂ ಅಂತರ್ಜಲಕ್ಕೂ ನಡುವೆ ಹತ್ತಾರು ಅಡಿ ಒಣ ನೆಲವಿತ್ತು. ಮಳೆಗಾಲದಲ್ಲಿ ಗುಂಡಿ, ಬಾವಿ ಎರಡೂ ಒಂದೇ ನೀರಿನಲ್ಲಿ ನಿಂತಂತೆ ಆಗುತ್ತದೆ. ಕಟ್ಟೆ ತಗ್ಗಾಗಿದ್ದರೆ ಅಂಗಳದ ನೀರೂ ಒಳಗೆ ಬೀಳುತ್ತದೆ. ಬಾವಿಯ ಕಟ್ಟೆ ಎರಡೂವರೆ ಅಡಿಯಾದರೂ ಎತ್ತರವಿರಬೇಕು, ಸುತ್ತಲೂ ಮೂರು ಅಡಿ ಸಿಮೆಂಟಿನ ಜಗಲಿ ಇರಬೇಕು, ಒಳಗೋಡೆ ಮೇಲಿನಿಂದ 20 ಅಡಿಯವರೆಗೆ ನೀರು ಜಿನುಗದಂತೆ ಇರಬೇಕು. ಕಟ್ಟಡ ಕಟ್ಟುವಲ್ಲಿ ಶೆಡ್ ಹಾಕಿಕೊಂಡು ಇರುವವರಿಗೆ ಇಂಥ ಬಾವಿ ಸಿಗುವುದು ಕಡಿಮೆ. ಕಾಂಕ್ರೀಟಿಗೂ ಅದೇ ನೀರು, ಸ್ನಾನಕ್ಕೂ ಬಟ್ಟೆಗೂ ಅದೇ ಕಟ್ಟೆ, ಕುಡಿಯಲಿಕ್ಕೂ ಅದೇ ಕೊಡ. ಕೆಸರಿನಲ್ಲಿ ಬಿದ್ದ ಹಗ್ಗ ಹಾಗೇ ಬಾವಿಗೆ ಇಳಿಯುತ್ತದೆ.

ಓದುವ ಮಕ್ಕಳ ತಂದೆತಾಯಿಗಳು, ನಮ್ಮ ಮಗಳು ಇರುವುದು ಹಾಸ್ಟೆಲ್ಲಿನಲ್ಲಿ, ಅಲ್ಲಿ ನಲ್ಲಿ ನೀರು ಎಂದು ಹೇಳುತ್ತಾರೆ. ನಾನು ಓದುವಾಗ ಇದ್ದದ್ದೂ ಅಂಥದೇ ಕಟ್ಟಡದಲ್ಲಿ. ಹಿತ್ತಲಿನ ಬಾವಿಯಿಂದ ಮೋಟಾರು ನೀರನ್ನು ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ತುಂಬುತ್ತದೆ, ಅಲ್ಲಿಂದ ನಲ್ಲಿಗೆ ಬರುತ್ತದೆ. ನಗರಪಾಲಿಕೆಯ ನೀರು ನೇತ್ರಾವತಿ ನದಿಯ ತುಂಬೆ ಅಣೆಕಟ್ಟಿನಿಂದ ಬರುವಂಥದ್ದು, ಶುದ್ಧೀಕರಿಸಿ ಕ್ಲೋರಿನ್ ಹಾಕಿ ಬಿಡುತ್ತಾರೆ. ಎರಡೂ ನಲ್ಲಿಯಲ್ಲಿ ಒಂದೇ ಥರ ಕಾಣುತ್ತವೆ. ಯಾವ ನೀರು ಎಂದು ವಾರ್ಡನ್ ಅವರನ್ನೋ ಮನೆಯ ಮಾಲೀಕರನ್ನೋ ಬಾಯಿಬಿಟ್ಟು ಕೇಳಬೇಕು.

ಬೇಸಿಗೆಯ ತೊಂದರೆ ಬೇರೆ ಬಗೆಯದು. ಸಮುದ್ರದ ನೀರು ಭಾರ, ಸಿಹಿನೀರು ಹಗುರ. ಕಡಲಿನ ಅಂಚಿನಲ್ಲಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ತಿರುಗಿಸಿ ನೋಡಿದರೆ, ಮೋಟಾರು ಹಚ್ಚಿ ಮೇಲಿನ ಒಂದು ಅಡಿಯನ್ನು ಎಳೆದರೆ ಕೆಳಗಿನ ಉಪ್ಪುನೀರು 40 ಅಡಿ ಮೇಲೆ ಬರಲು ದಾರಿಯಾಯಿತು. ಬೆಂಗ್ರೆಯಂಥ ಮರಳಿನ ದಂಡೆಯಲ್ಲಿ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗಲು ಇದೇ ಕಾರಣ. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ಭರತದ ನೀರು ನದಿಯೊಳಗೂ ಏರುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಉಪ್ಪು ಕಡಿಮೆ ಮಾಡಿ ಎಂದು ನಾವು ಹೇಳಿ ಕಳಿಸಿದವರು ಇಂಥ ನೀರು ಕುಡಿಯುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಕುದಿಸಿದರೆ ಉಪ್ಪು ಹೋಗುವುದಿಲ್ಲ.

2016, 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆಯಲ್ಲಿ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅಂಥ ದಿನಗಳಲ್ಲಿ ಟ್ಯಾಂಕರ್ ಬರುತ್ತದೆ. ಟ್ಯಾಂಕರಿಗೆ ನೀರು ತುಂಬುವುದು ಎಷ್ಟೋ ಸಲ ಯಾರದೋ ಬಾವಿಯಿಂದಲೇ. ಅದನ್ನೂ ಬಾವಿ ನೀರು ಎಂದೇ ಎಣಿಸಿ.

ಕಾಯಿಲೆ ಯಾವಾಗ ಕಾಣಿಸುತ್ತದೆ

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಕಾಲರಾ ಆದರೆ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಭೇದಿ ಶುರುವಾಗುತ್ತದೆ, ಹಾಗಾಗಿ ಯಾವ ನೀರು ಎಂದು ಜನ ಊಹಿಸಬಲ್ಲರು. ಟೈಫಾಯಿಡ್, ಅಂದರೆ ವಿಷಮಶೀತ ಜ್ವರ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ತೆಗೆದುಕೊಳ್ಳುತ್ತದೆ. ಹೆಪಟೈಟಿಸ್ ಎ ಎಂಬ ಕಾಮಾಲೆ, ನೀವು ಕಾಮಣಿ ಎನ್ನುತ್ತೀರಲ್ಲ, ಅದು ನೀರು ಕುಡಿದ 15ರಿಂದ 50 ದಿನಗಳ ನಡುವೆ ಯಾವಾಗ ಬೇಕಾದರೂ ಕಾಣಿಸಬಹುದು, ಸರಾಸರಿ 28 ದಿನ. ಹೆಪಟೈಟಿಸ್ ಇ ಎರಡರಿಂದ ಹತ್ತು ವಾರ. ಜೂನ್ ಕೊನೆಯ ಮಳೆಯಲ್ಲಿ ಕುಡಿದ ನೀರಿನ ಫಲ ಪಂಚಮಿಗೆ ಊರಿನಲ್ಲಿ ಕಾಣಿಸುವುದು ಹೀಗೆ.

ಆದ್ದರಿಂದ ಆಸ್ಪತ್ರೆಗೆ ಬಂದಾಗ ನಿನ್ನೆ ಮೊನ್ನೆ ತಿಂದದ್ದನ್ನು ಮಾತ್ರ ಹೇಳಬೇಡಿ. ಕಳೆದ ಎರಡು ತಿಂಗಳು ಎಲ್ಲಿದ್ದಿರಿ, ಯಾವ ನೀರು ಕುಡಿದಿರಿ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಯಾರಿಗಾದರೂ ಹೀಗೇ ಆಗಿದೆಯೇ ಎಂಬುದನ್ನೂ ಹೇಳಿ. ಅಲ್ಲಿ ಉಳಿದಿರುವ ಹತ್ತು ಜನರಿಗೂ ಫೋನ್ ಮಾಡಿ ತಿಳಿಸಿ. ಅವರಿನ್ನೂ ಅದೇ ಬಾವಿಯ ನೀರು ಕುಡಿಯುತ್ತಿರುತ್ತಾರೆ.

ಹೆಪಟೈಟಿಸ್ ಎ ಇರುವವರ ಮಲದಲ್ಲಿ ಕಣ್ಣು ಹಳದಿಯಾಗುವುದಕ್ಕೆ ಸುಮಾರು ಎರಡು ವಾರ ಮೊದಲಿನಿಂದಲೇ ವೈರಾಣು ಹೊರಬರುತ್ತದೆ, ಹಳದಿಯಾದ ಮೇಲೂ ಒಂದು ವಾರದಷ್ಟು ಇರುತ್ತದೆ. ಮನೆಯಲ್ಲಿ ಶೌಚದ ನಂತರ, ಅಡುಗೆಗೆ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಇದಕ್ಕಾಗಿ. ಹೆಚ್ಚಿನವರು ವಿಶ್ರಾಂತಿ ಮತ್ತು ಸಾಧಾರಣ ಊಟದಿಂದ ಗುಣವಾಗುತ್ತಾರೆ. ಗುಣವಾದದ್ದು ತಾನಾಗಿಯೇ, ಹೆಸರು ಬರುವುದು ನಾಟಿ ಔಷಧಿಗೆ! ಕೈಗೆ ಬರೆ ಹಾಕಿಸಿಕೊಂಡು, ಗಾಯ ಕೀವಾಗಿ ಬಂದವರಿಗೆ ನಾವು ಎರಡು ಕಾಯಿಲೆಗೆ ಚಿಕಿತ್ಸೆ ಕೊಡಬೇಕಾಗುತ್ತದೆ. ಮದ್ಯ ಬೇಡವೇ ಬೇಡ. ಜ್ವರದ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ. ರೋಗಿ ಮಂಕಾದರೆ, ಅಸಂಬದ್ಧ ಮಾತನಾಡಿದರೆ, ಹಗಲಿಡೀ ನಿದ್ದೆ ಮಾಡಿದರೆ, ರಕ್ತ ಬಂದರೆ, ಕುಡಿದದ್ದೆಲ್ಲ ವಾಂತಿಯಾದರೆ ರಾತ್ರಿಯಾಗಿದ್ದರೂ ಕರೆತನ್ನಿ.

ಗರ್ಭಿಣಿಯರ ಮಾತು ಬೇರೆಯೇ. ಹೆಪಟೈಟಿಸ್ ಇ ಬೇರೆಯವರಿಗೆ ಸಾಧಾರಣ ಕಾಮಾಲೆಯಂತೆ ಬಂದು ಹೋಗುತ್ತದೆ. ಆದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅದು ತಗುಲಿದರೆ ನೂರಕ್ಕೆ 20ರಿಂದ 25 ತಾಯಂದಿರು ಸಾಯುವ ಸಂಭವವಿದೆ. ಗಂಡನ ಜೊತೆ ಶೆಡ್ಡಿನಲ್ಲಿರುವ ಬಸುರಿ ಮಗಳು, ಸೊಸೆ ಇದ್ದರೆ ಮಳೆಗಾಲದಲ್ಲಿ ಅವಳಿಗೆ ಕುದಿಸದ ಒಂದು ಗುಟುಕು ನೀರೂ ಬೇಡ. ಸಾಧ್ಯವಿದ್ದರೆ ಹೆರಿಗೆಗೆ ಬೇಗನೆ ಕರೆಸಿಕೊಳ್ಳಿ. ಅವಳ ಕಣ್ಣು, ಮೂತ್ರ ಹಳದಿಯಾಗಿದೆ ಎಂದರೆ ಒಂದು ದಿನವೂ ಕಾಯಬಾರದು.

ಮಾಡಬೇಕಾದದ್ದು

ಕುದಿಸುವುದೇ ಎಲ್ಲಕ್ಕಿಂತ ನಂಬಿಗಸ್ತ ದಾರಿ. ನೀರು ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ಹಾಗೆ ಒಂದೆರಡು ನಿಮಿಷ ಕುದಿದರೆ ಈ ರೋಗಾಣುಗಳು ಸಾಯುತ್ತವೆ. ತಣಿಸುವುದು ಅದೇ ಪಾತ್ರೆಯಲ್ಲಿ, ಮುಚ್ಚಳ ಹಾಕಿ. ಕರಾವಳಿಯ ಮನೆಗಳಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು ಕುಡಿಯುವುದು ಹಳೆಯ ರೂಢಿ, ಬಹಳ ಒಳ್ಳೆಯದು. ಆದರೆ ಮದುವೆ ಊಟದಲ್ಲಿ, ಹೋಟೆಲಿನಲ್ಲಿ ಒಂದು ತಪ್ಪು ನಡೆಯುತ್ತದೆ. ಕುದಿಸಿದ ನೀರು ಸುಡುತ್ತದೆ ಎಂದು ಅದಕ್ಕೆ ಹಸಿ ನೀರು ಬೆರೆಸಿ ಬೆಚ್ಚಗೆ ಮಾಡಿ ಕೊಡುತ್ತಾರೆ. ಕುಡಿಯುವವರು ಬಿಸಿನೀರು ಎಂದು ನಂಬಿ ಕುಡಿಯುತ್ತಾರೆ. ಅರ್ಧ ಹಸಿ ನೀರು ಇದ್ದ ಮೇಲೆ ಕುದಿಸಿದ್ದು ವ್ಯರ್ಥ. ಶರಬತ್ತು, ಐಸು, ಮಜ್ಜಿಗೆಗೆ ಬಳಸಿದ ನೀರಿಗೂ ಇದೇ ಮಾತು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದಿದ್ದರೆ ಅಳತೆ ಮುಖ್ಯ. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಎಷ್ಟು ಸಾವಿರ ಲೀಟರ್ ನೀರಿದೆ ಎಂಬ ಅಂಕಿ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ 28 ಸಾವಿರ ಲೀಟರಿಗೆ ಸ್ವಲ್ಪ ಹೆಚ್ಚು, ಅದಕ್ಕೆ 70 ಗ್ರಾಂ ಪುಡಿ. ಪುಡಿಯನ್ನು ಹಾಗೇ ಎರಚಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಳ್ಳಬೇಕು. ಅಡಿಯ ಸುಣ್ಣವನ್ನು ಬಾವಿಗೆ ಹಾಕಬೇಡಿ. ತಿಳಿ ಇರುವ ಬಕೆಟ್ಟನ್ನು ಹಗ್ಗದಿಂದ ನೀರೊಳಗೆ ಇಳಿಸಿ ಮೇಲೆ ಕೆಳಗೆ ಜೋರಾಗಿ ಆಡಿಸಿ. ಒಂದು ಗಂಟೆಯಾದರೂ ನೀರು ಸೇದಬಾರದು, ರಾತ್ರಿ ಮಾಡಿ ಬೆಳಿಗ್ಗೆ ಸೇದುವುದು ಅನುಕೂಲ. ತೆರೆದಿಟ್ಟು ಹಳಸಿದ ಪುಡಿಗೆ ಶಕ್ತಿ ಇರುವುದಿಲ್ಲ. ಮಳೆಗಾಲದಲ್ಲಿ ಹೊಸ ನೀರು ಬರುತ್ತಲೇ ಇರುವುದರಿಂದ ಒಮ್ಮೆ ಹಾಕಿ ವರ್ಷವಿಡೀ ನಿಶ್ಚಿಂತೆಯಾಗಿರಲು ಆಗದು. ಸುತ್ತಮುತ್ತ ಕಾಯಿಲೆ ಹಬ್ಬಿದ್ದರೆ ದಿನವೂ ಹಾಕಬೇಕು.

ಪರೀಕ್ಷೆ ಮಾಡಿಸುವುದಾದರೆ ಬೇಸಿಗೆಯಲ್ಲಿ ಮಾಡಿಸಿ ವರದಿಯನ್ನು ಗೋಡೆಗೆ ತೂಗುಹಾಕಬೇಡಿ. ಮೊದಲ ಜೋರು ಮಳೆಗಳು ಆದ ಮೇಲೆ ಮಾಡಿಸಿ. ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ತನ್ನಿ, ಮನೆಯ ತೊಳೆದ ಬಾಟಲಿ ನಡೆಯುವುದಿಲ್ಲ.

ಉಪನ್ಯಾಸದ ನಂತರ ಕೇಳಿದ ಕೆಲವು ಪ್ರಶ್ನೆಗಳು

ಮನೆ ಮಾಲೀಕರು ಅದೇ ನೀರು ಕುಡಿಯುತ್ತಾರೆ, ಅವರಿಗೇನೂ ಆಗಿಲ್ಲವಲ್ಲ?

ಅವರು ಕುದಿಸಿ ಕುಡಿಯುತ್ತಿರಬಹುದು, ಮೊದಲು ಅದನ್ನು ಕೇಳಿ. ಇನ್ನೊಂದು ಕಾರಣವೂ ಇದೆ. ಹೆಪಟೈಟಿಸ್ ಎ ಆರು ವರ್ಷದೊಳಗಿನ ಮಕ್ಕಳಿಗೆ ಬಂದರೆ ಬಹುತೇಕ ಗೊತ್ತೇ ಆಗುವುದಿಲ್ಲ, ಆಮೇಲೆ ಜೀವನಪೂರ್ತಿ ರಕ್ಷಣೆ ಇರುತ್ತದೆ. ಚಿಕ್ಕಂದಿನಲ್ಲಿ ಬಾರದೆ ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ತಗುಲಿದರೆ ಹೆಚ್ಚಿನವರಿಗೆ ಕಾಮಾಲೆ ಕಾಣಿಸುತ್ತದೆ. ಹೆಪಟೈಟಿಸ್ ಎ ಮತ್ತು ಟೈಫಾಯಿಡ್ ಎರಡಕ್ಕೂ ಲಸಿಕೆ ಇದೆ. ಹೋಗುವ ಮೊದಲು ವೈದ್ಯರನ್ನು ವಿಚಾರಿಸಿ.

ಕೂಸಿಗೆ ಕುದಿಸಿ ಆರಿಸಿದ ಬಾವಿ ನೀರು ಕುಡಿಸಬಹುದೇ?

ಆರು ತಿಂಗಳವರೆಗೆ ನೀರೇ ಬೇಡ, ಎದೆಹಾಲು ಸಾಕು. ಗುಂಡಿಯ ನೀರು ಸೇರುವ ಬಾವಿಯಲ್ಲಿ ನೈಟ್ರೇಟ್ ಎಂಬ ಲವಣ ಹೆಚ್ಚಿರಬಹುದು. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಮಾನಕ ಹೇಳುತ್ತದೆ. ಅದು ಮೀರಿದ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ಕೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ.

ಆರ್.ಓ. ಯಂತ್ರ ಹಾಕಿಸಬೇಕೇ?

ಉಪ್ಪಾದ ಬಾವಿಗೆ, ನೈಟ್ರೇಟ್ ಹೆಚ್ಚಿರುವ ಬಾವಿಗೆ ಅದು ಬೇಕಾಗಬಹುದು. ಮೊದಲೇ ಲವಣ ಕಡಿಮೆ ಇರುವ ಸಿಹಿ ಬಾವಿಗೆ ಅಷ್ಟು ಹಣ ಹಾಕುವ ಬದಲು ಗ್ಯಾಸಿಗೆ ಹಾಕಿ ಕುದಿಸಿ ಕುಡಿಯಿರಿ ಎಂದು ನಾನು ಹೇಳುತ್ತೇನೆ. ಬಾವಿ ನೀರು ಬಟ್ಟೆ, ಪಾತ್ರೆ, ಸ್ನಾನಕ್ಕೆ ಹಾಗೆಯೇ ಇರಲಿ.

ನಾವು ಶೆಡ್ಡಿನಲ್ಲಿ ಹದಿನೈದು ಮಂದಿ, ಕುದಿಸಲು ಉರುವಲೂ ಇಲ್ಲ, ಹೊತ್ತೂ ಇಲ್ಲ. ಏನು ಮಾಡಬೇಕು?

ಇದನ್ನು ಕೇಳಿದ ತಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅನ್ನ ಬೇಯಿಸಲು ಹೇಗೂ ಒಲೆ ಹಚ್ಚುತ್ತೀರಿ. ಕುಚ್ಚಲಕ್ಕಿಯ ಗಂಜಿ ತಿಳಿ ಕುದಿದ ನೀರೇ, ಅದನ್ನು ಚೆಲ್ಲದೆ ಕುಡಿಯಿರಿ. ಉಳಿದದ್ದಕ್ಕೆ ಕ್ಲೋರಿನ್ ಮಾತ್ರೆ ಇದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಕೇಳಿ, ಇಲ್ಲವೇ ಔಷಧಿ ಅಂಗಡಿಯಲ್ಲಿ ಕೊಳ್ಳಿ. ಅರ್ಧ ಗ್ರಾಮಿನ ಮಾತ್ರೆ ಒಂದಕ್ಕೆ 20 ಲೀಟರ್ ನೀರು. ಬೇರೆ ಅಳತೆಯ ಮಾತ್ರೆಯೂ ಬರುತ್ತದೆ, ಪಟ್ಟಿಯ ಮೇಲೆ ಬರೆದದ್ದನ್ನು ಓದಿಸಿಕೊಳ್ಳಿ. ನೀರು ರಾಡಿಯಾಗಿದ್ದರೆ ಮೊದಲು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಮಾತ್ರೆಯನ್ನು ಪುಡಿಮಾಡಿ ಹಾಕಿ ಕಲಕಿ ಅರ್ಧ ಗಂಟೆ ಮುಚ್ಚಿಡಿ. ಸ್ವಲ್ಪ ವಾಸನೆ ಬಂದರೆ ಹೆದರಬೇಡಿ, ಮದ್ದು ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಕೆಲಸಕ್ಕೆ ಹೋಗುವ ಮೊದಲು ಒಬ್ಬರು ಸರದಿಯ ಮೇಲೆ ಇದನ್ನು ಮಾಡಿಟ್ಟರೆ ಮಧ್ಯಾಹ್ನಕ್ಕೆ ನೀರು ಸಿದ್ಧ. ಆ ಡ್ರಮ್ಮಿಗೆ ನಲ್ಲಿ ಇರಲಿ, ಕೈ ಅದ್ದಿ ತಂಬಿಗೆ ಮುಳುಗಿಸಬೇಡಿ. ಮಾತ್ರೆಯ ಪಟ್ಟಿಯನ್ನು ಶೆಡ್ಡಿನಲ್ಲಿರುವ ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ.